ಸುರುಳಿಯ ಕೊನೆಯ ನಲವತ್ತು ಮೀಟರು

ಬಹಮನ್ ೫, ಶನಿವಾರ

ಎರಡನೆಯ ಪರೀಕ್ಷೆಯೂ ಬಿತ್ತು. ಸೋತದ್ದು ನನ್ನ ಉಕ್ಕಲ್ಲ, ಆ ಪ್ರೆಸ್ಸಿನವನ ಯಂತ್ರ. ಇದನ್ನು ಇಲ್ಲಿ ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ನಮ್ಮ ಉಕ್ಕಿನ ಕಾರ್ಖಾನೆಯಲ್ಲಿ ಇದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇಲ್ಲ.

ಬೆಳಿಗ್ಗೆ ಕಶ್ಕೂಲಿ ಪ್ರಯೋಗಾಲಯಕ್ಕೆ ನುಗ್ಗಿದ. ಕಾರಿನ ಭಾಗಗಳನ್ನು ಒತ್ತಿ ರೂಪ ಕೊಡುವ ಕಾರ್ಖಾನೆಯ ಯಜಮಾನ ಅವನು. ಎಣ್ಣೆ ಮೆತ್ತಿದ ಚೀಲದಿಂದ ಸೀಳಿದ ತುಂಡುಗಳನ್ನು ತೆಗೆದು ನನ್ನ ಚಹಾದ ತಟ್ಟೆಯ ಮೇಲೇ ಸುರಿದ.

"ತಗೊಳ್ಳಿ ಖಾನುಮ್ ಇಂಜಿನಿಯರ್, ನಿಮ್ಮ ಮಗು. ನಮ್ಮನೇಗೆ ಬಂದ್ಮೇಲೆ ಮೈ ಬಿರ್ಕು ಬಿಟ್ಕೊಂಡಿದೆ."

"ಆಡಿಸಿದವರ ಕೈ ಹೇಗಿತ್ತು ಅಂತ ನೋಡ್ಬೇಕು."

"ಹತ್ತರಲ್ಲಿ ಎಂಟು ಸೀಳಿವೆ. ಇದು ಉಕ್ಕೋ, ಒಣಗಿದ ರೊಟ್ಟಿನೋ? ಸಬ್ಜಿ ಜೊತೆ ತಿನ್ನೋಣ ಅಂದ್ರೆ ಹಲ್ಲು ಉಳಿಯಲ್ಲ."

ಪ್ರಯೋಗಾಲಯದ ಹುಡುಗಿಯರೆಲ್ಲ ಮುಸಿಮುಸಿ ನಕ್ಕರು. ನಾನು ನಗಲಿಲ್ಲ.

ಕಾರಿನ ಎರಡು ಬಾಗಿಲುಗಳ ನಡುವೆ ನಿಲ್ಲುವ ಕಂಬ ಅದು. ಪಕ್ಕದಿಂದ ಯಾರಾದರೂ ಗುದ್ದಿದರೆ ಒಳಗಿರುವವರ ಪಕ್ಕೆಲುಬಿಗೂ ಸಾವಿಗೂ ನಡುವೆ ಇರುವುದು ಅದೊಂದೇ. ಅದರಲ್ಲೊಂದು ತೂತು ಕೊರೆದು, ತೂತಿನ ಅಂಚನ್ನು ಅಂಗಿಯ ಕೊರಳುಪಟ್ಟಿಯಂತೆ ಕೆಳಕ್ಕೆ ಮಡಿಸಬೇಕು. ಮೆದು ಉಕ್ಕಾದರೆ ಹಿಟ್ಟಿನಂತೆ ಮಡಿಯುತ್ತದೆ, ಆದರೆ ಗುದ್ದಿಗೂ ಹಾಗೆಯೇ ಮಡಿಯುತ್ತದೆ. ಬಲವಾದ ಉಕ್ಕು ಗುದ್ದಿಗೆ ಜಗ್ಗುವುದಿಲ್ಲ, ಮಡಿಸಲು ಹೋದರೆ ಹಟ ಹಿಡಿಯುತ್ತದೆ. ಬಲವೂ ಬೇಕು, ಬಾಗುವ ಗುಣವೂ ಬೇಕು. ಅಂಥ ಉಕ್ಕಿಗಾಗಿ ನಾನು ಮತ್ತು ಡಾಕ್ಟರ್ ಸುತೂದೆ ಮೂರು ವರ್ಷ ಬೆವರಿದ್ದೇವೆ. ಬಲದ ಸಂಖ್ಯೆ ಏಳುನೂರ ಎಂಬತ್ತು ಬಂದರೆ ಸಾಕಿತ್ತು. ನಮ್ಮದು ಎಂಟುನೂರ ನಲವತ್ತೆರಡು. ಈ ಕಾರ್ಖಾನೆಯಲ್ಲಿ ಇದುವರೆಗೆ ಯಾರೂ ಮುಟ್ಟದ ಅಂಕಿ.

ಸಂಜೆ ನಿರ್ದೇಶಕರು ಕರೆದರು. ಮುಂದಿನ ತಿಂಗಳು, ಇಸ್ಫಂದ್ ಇಪ್ಪತ್ತಕ್ಕೆ, ಮೂರನೆಯ ಪರೀಕ್ಷೆ, ಅದೇ ಕೊನೆಯದು. ತೆಹರಾನಿನ ಕಾರು ಕಂಪನಿಯಿಂದ ತಪಾಸಣೆಗೆ ಸಮ್ಸಾಮಿ ಬರುತ್ತಾರೆ. ಅದೂ ಬಿದ್ದರೆ ಯೋಜನೆ ಮುಚ್ಚಿ, ದುಬೈ ದಲ್ಲಾಳಿಗಳ ಮೂಲಕ ಹೊರಗಿನ ಉಕ್ಕು ತರಿಸುತ್ತಾರಂತೆ. ನನ್ನನ್ನು ಕಟ್ಟಡದ ಕಂಬಿಗಳ ಪರೀಕ್ಷಾ ವಿಭಾಗಕ್ಕೆ ಹಾಕುತ್ತಾರಂತೆ. ನಿವೃತ್ತಿಯವರೆಗೆ ಕಂಬಿ ಬಗ್ಗಿಸುತ್ತಾ ಕೂರಬೇಕು.

ಕೂರುವುದಿಲ್ಲ.

ಬಹಮನ್ ೬, ಭಾನುವಾರ

ತಪ್ಪು ಪ್ರೆಸ್ಸಿನದೇ. ಸಾಬೀತು ಮಾಡಿ ತೋರಿಸುತ್ತೇನೆ. ನನ್ನ ಉಕ್ಕಿನ ಹಾಳೆಯ ಸುರುಳಿಯಲ್ಲಿ ಒಂದು ಗೇಣು ಕೂಡ ಕೆಟ್ಟದ್ದಿಲ್ಲ.

ಬಹಮನ್ ೯, ಬುಧವಾರ

ಹೇಳದೆ ಕೇಳದೆ ಕಶ್ಕೂಲಿಯ ಕಾರ್ಖಾನೆಗೆ ಹೋದೆ. ತಲೆವಸ್ತ್ರದ ಮೇಲೆ ಹೆಲ್ಮೆಟ್ ಏರಿಸಿ ಬಾಗಿಲಲ್ಲಿ ನಿಂತರೆ ಅವನು ಎರಡು ಕೈಯನ್ನೂ ಎದೆಗಿಟ್ಟುಕೊಂಡ.

"ಏನ್ ಭಾಗ್ಯ! ಕಣ್ಣಿನ ಮೇಲೆ ಕಾಲಿಡಿ. ಪೊಲೀಸರನ್ನ ಕರ್ಕೊಂಡು ಬಂದಿದ್ದೀರೋ, ಒಬ್ರೇನೋ?"

"ಒಬ್ಳೇ ಸಾಕು."

"ಅದೂ ನಿಜ. ಮೊದ್ಲು ಚಹಾ, ಆಮೇಲೆ ಜಗಳ."

ಬೇಡವೆಂದೆ. ಮತ್ತೆ ಕರೆದ, ಬೇಡವೆಂದೆ. ಮೂರನೆಯ ಸಲ ಲೋಟವನ್ನು ಕೈಗೇ ಇಟ್ಟುಬಿಟ್ಟ. ಸಕ್ಕರೆ ಬಿಲ್ಲೆ ಹಲ್ಲಲ್ಲಿ ಕಚ್ಚಿಕೊಂಡು ಯಂತ್ರದ ಪಕ್ಕ ನಿಂತೆ. ಅಚ್ಚು ಸವೆದಿರಬೇಕು ಅಂದುಕೊಂಡಿದ್ದೆ, ಕನ್ನಡಿಯಂತಿತ್ತು. ವೇಗ ಹೆಚ್ಚಿರಬೇಕು ಅಂದುಕೊಂಡಿದ್ದೆ, ಅದೂ ಅಲ್ಲ.

ಹೊರಡಬೇಕು ಅನ್ನುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತೂತು ಕೊರೆದಾಗ ಒಂದು ಬದಿಯಲ್ಲಿ ಅಂಚು ನುಣ್ಣಗೆ ಬಾಗಿರುತ್ತದೆ, ಇನ್ನೊಂದು ಬದಿಯಲ್ಲಿ ಸಣ್ಣ ಮುಳ್ಳಂಚು ಎದ್ದಿರುತ್ತದೆ. ಕೆಲಸಗಾರರು ಪ್ರತಿ ಹಾಳೆಯನ್ನೂ ಮುಳ್ಳಂಚು ಕೆಳಗೆ ಬರುವ ಹಾಗೆ ಇಟ್ಟು, ಅಂಗೈಯಲ್ಲಿ ಬಟ್ಟೆ ಹಿಡಿದು ಮೇಲ್ಮೈಗೆ ಎಣ್ಣೆ ಸವರುತ್ತಿದ್ದರು.

"ಇದನ್ನ ಯಾವಾಗ್ಲೂ ಹೀಗೇ ಇಡ್ತೀರಾ?"

"ನಮ್ಮಪ್ಪನ ಕಾಲದಿಂದ್ಲೂ. ಮುಳ್ಳು ಮೇಲಿದ್ರೆ ಕೈ ಕುಯ್ಕೊಳ್ತಾರೆ ಪಾಪ."

ಕೈ ಉಳಿಸುವುದೇನೋ ಸರಿ. ಆದರೆ ಅಚ್ಚು ಮೇಲಿಂದ ಒತ್ತಿದಾಗ ಹೆಚ್ಚು ಹಿಗ್ಗುವುದು ಕೆಳಗಿನ ಬದಿ. ಹಿಗ್ಗುವ ಬದಿಯಲ್ಲೇ ಮುಳ್ಳು ಇಟ್ಟರೆ ಸೀಳದೆ ಇನ್ನೇನಾಗುತ್ತದೆ? ಮೆದು ಉಕ್ಕು ಇಷ್ಟು ವರ್ಷ ಇದನ್ನು ಸಹಿಸಿಕೊಂಡು ಬಂದಿದೆ, ಅಷ್ಟೇ.

ಅಲ್ಲಿ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಸಿಕ್ಕಿಬಿದ್ದ.

ಬಹಮನ್ ೧೪, ಸೋಮವಾರ

ನಮ್ಮ ಪ್ರಯೋಗಾಲಯದ ಪುಟ್ಟ ಪ್ರೆಸ್ಸಿನಲ್ಲಿ ಅದೇ ಹಾಳೆ, ಅದೇ ತೂತು. ಮುಳ್ಳು ಕೆಳಗಿಟ್ಟು ಒತ್ತಿದರೆ ಹತ್ತರಲ್ಲಿ ಎಂಟು ಸೀಳು. ಮುಳ್ಳು ಮೇಲಿಟ್ಟು ಒತ್ತಿದರೆ ಹತ್ತರಲ್ಲಿ ಮೂರು.

ಡಾಕ್ಟರ್ ಸುತೂದೆ ನನ್ನ ಹೆಗಲು ತಟ್ಟಿದರು. "ಬರೆದು ನಿರ್ದೇಶಕರಿಗೆ ಕಳಿಸಿಬಿಡು ಮಗಳೇ. ಪ್ರೆಸ್ಸಿನದೇ ತಪ್ಪು ಅಂತ. ನಾನು ನೌರೂಜ್‌ಗೆ ನೆಮ್ಮದಿಯಾಗಿ ಮನೆಗೆ ಹೋಗ್ತೀನಿ." ನೌರೂಜ್ ಬಂದು ಹೊಸ ವರ್ಷ ಹುಟ್ಟುವ ಮೊದಲೇ ಅವರ ನಿವೃತ್ತಿ. ನನಗೆ ಲೋಹದ ಮೊದಲಕ್ಷರ ಕಲಿಸಿದವರು.

ಮನೆಗೆ ಬರುವಾಗ ಅರ್ಧ ಕಿಲೋ ಪಿಸ್ತಾ ಗಜ್ ಮಿಠಾಯಿ ತಂದೆ. "ಯಾರ ಮದುವೆ?" ಅಂದಳು ಅಮ್ಮ. "ನನ್ನ ಶತ್ರುವಿನ ಸೋಲು" ಅಂದೆ. "ಅಯ್ಯೋ, ಅದಕ್ಕೆ ಕಾಲು ಕಿಲೋ ಸಾಕಿತ್ತು" ಅಂದಳು. ಇಸ್ಫಹಾನಿನ ಹೆಂಗಸು, ಸಂತೋಷವನ್ನೂ ತೂಗಿಯೇ ತಿನ್ನುವುದು.

ಬಹಮನ್ ೧೭, ಗುರುವಾರ

ಪತ್ರ ಬರೆದು ಮುಗಿಸಿದ್ದೇನೆ. ಕಳಿಸಲಿಲ್ಲ.

ಆ ಮೂರು ಕಾಡುತ್ತಿವೆ. ಮುಳ್ಳು ಮೇಲಿತ್ತು, ಅಚ್ಚು ನಮ್ಮದೇ, ಎಣ್ಣೆ ಸವರಿದ್ದು ನಾನೇ. ಅಲ್ಲಿ ಕಶ್ಕೂಲಿಯ ನೆರಳೂ ಇರಲಿಲ್ಲ. ಮತ್ತೆ ಯಾಕೆ ಸೀಳಿದವು?

ಇವತ್ತು ಅರ್ಧ ದಿನದ ಕೆಲಸ, ಎಲ್ಲರೂ ಹೋದ ಮೇಲೆ ಉಳಿದೆ. ಸೀಳಿದ ಒಂದು ತೂತಿನ ಕೊರಳನ್ನು ಬಿರುಕಿನ ಜೊತೆಗೇ ಕತ್ತರಿಸಿ, ಉಜ್ಜಿ, ಹೊಳಪು ಕೊಟ್ಟು, ದ್ರಾವಣದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಮ್ಮ ಉಕ್ಕಿನೊಳಗೆ ಎರಡು ಬಗೆಯ ಕಣಗಳಿವೆ. ಮೆದುವಾದ ಫೆರೈಟ್ ಬಾಗುತ್ತದೆ, ಗಟ್ಟಿಯಾದ ಮಾರ್ಟೆನ್ಸೈಟ್ ಬಲ ಕೊಡುತ್ತದೆ. ದ್ರಾವಣ ಬಿದ್ದಾಗ ಮೆದುವಾದದ್ದು ಕಂದು, ಗಟ್ಟಿಯದ್ದು ಬಿಳಿ. ನಾನು ತೆಗೆದ ಅದರ ಚಿತ್ರಗಳು ಕಾರಿಡಾರಿನ ಗೋಡೆ ತುಂಬಾ ಇವೆ, ಕಂದು ಬಟ್ಟೆಗೆ ಮಲ್ಲಿಗೆ ಎರಚಿದಂತೆ. ಎಲ್ಲವೂ ಹಾಳೆಯ ದಪ್ಪದ ಕಾಲುಭಾಗದಲ್ಲಿ ತೆಗೆದವು. ನಮ್ಮ ಕಸುಬಿನಲ್ಲಿ ಅದೇ ರೂಢಿ. ಹಾಳೆಯ ನಟ್ಟನಡುವೆ ಕಣಗಳು ಅಷ್ಟು ಚೆನ್ನಾಗಿರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಬಂದ ನೆಂಟರನ್ನು ಯಾರೂ ಉಗ್ರಾಣಕ್ಕೆ ಕರೆದುಕೊಂಡು ಹೋಗುವುದಿಲ್ಲವಲ್ಲ.

ಬಿರುಕು ನನ್ನನ್ನು ನೇರ ಉಗ್ರಾಣಕ್ಕೇ ಕರೆದುಕೊಂಡು ಹೋಯಿತು. ನಟ್ಟನಡುವೆ ಬಿಳಿ ಕಣಗಳು ಚದುರಿರಲಿಲ್ಲ. ಸಾಲುಗಟ್ಟಿ, ಒಂದಕ್ಕೊಂದು ಅಂಟಿ, ಪಟ್ಟಿಯಾಗಿದ್ದವು. ಬಿರುಕು ಆ ಪಟ್ಟಿಯ ಪಕ್ಕದಲ್ಲೇ ದಾರಿ ಮಾಡಿಕೊಂಡಿತ್ತು. ಬಿಳಿಯ ಕಣ ವಿಪರೀತ ಗಟ್ಟಿ, ಪಕ್ಕದ ಕಂದು ಕಣ ವಿಪರೀತ ಮೆದು. ತೂತು ಕೊರೆದ ಏಟಿಗೇ ಇವೆರಡರ ನಡುವೆ ಸಂದು ಬಿಟ್ಟಿತ್ತು.

ನನ್ನ ಎಂಟುನೂರ ನಲವತ್ತೆರಡು ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ಆ ವಿಪರೀತ ಗಟ್ಟಿತನದಿಂದಲೇ.

ಹಬ್ಬಕ್ಕೆ ಪರದೆ ಒಗೆಯಲು ಅಮ್ಮ ಕಾಯುತ್ತಿದ್ದಳು. ಬೇಗ ಬರುತ್ತೇನೆ ಅಂದಿದ್ದೆ. "ಆ ಕಬ್ಬಿಣಕ್ಕೆ ಉಜ್ಜೋದ್ರಲ್ಲಿ ಅರ್ಧ ಈ ಕಿಟಕಿಗೆ ಉಜ್ಜಿದ್ರೂ ಎದುರು ಮನೆ ಕಾಣ್ತಿತ್ತು" ಅಂದಳು. ಕಿಟಕಿ ಉಜ್ಜಿದೆ. ಕೈ ಉಜ್ಜುತ್ತಲೇ ಇತ್ತು, ತಲೆ ಬೇರೆಲ್ಲೋ ಇತ್ತು.

ಬಹಮನ್ ೧೯, ಶನಿವಾರ

ಬರೆದಿದ್ದ ಪತ್ರ ಹರಿದೆ. ಅರ್ಧ ಸತ್ಯ ಬರೆದು ಗೆದ್ದರೆ ಕಂಬ ಮಾತ್ರ ಪೂರ್ತಿಯಾಗಿ ಸೀಳುತ್ತದೆ. ಸಿಟ್ಟು ಬಂದಿದೆ, ಯಾರ ಮೇಲೆಂದು ಗೊತ್ತಿಲ್ಲ.

ಬಹಮನ್ ೨೩, ಬುಧವಾರ

ಕಶ್ಕೂಲಿಯ ಹತ್ತಿರ ಹೋಗಿ ಎರಡನ್ನೂ ಅವನ ಮುಂದಿಟ್ಟೆ, ಅವನ ಮುಳ್ಳಂಚನ್ನೂ ನನ್ನ ಬಿಳಿ ಪಟ್ಟಿಯನ್ನೂ. ಅವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನು, ಮೇಲಿಂದ ತೆಗೆದ ಹೆದ್ದಾರಿ ಫೋಟೊನಾ?"

"ನನ್ನ ಉಕ್ಕಿನ ಹೊಟ್ಟೆ."

"ಗ್ಯಾಸ್ ತುಂಬ್ಕೊಂಡಿದೆ."

ಮೇಜಿನ ಮೇಲಿದ್ದ ಗಜ್ ಡಬ್ಬಿಯಿಂದ ಒಂದು ತುಂಡು ತೆಗೆದು ತೋರಿಸಿದೆ. ಕೈಯಲ್ಲಿ ಮೆಲ್ಲಗೆ ಬಾಗಿಸಿದರೆ ಬಾಗುತ್ತದೆ, ಪಿಸ್ತಾ ಒಳಗೇ ಕೂತಿರುತ್ತದೆ. ಚಾಕುವಿನಿಂದ ಕತ್ತರಿಸಿದರೆ ಅಂಚಿನ ಪಿಸ್ತಾಗಳು ಕಿತ್ತುಬಂದು ಹಳ್ಳ ಬೀಳುತ್ತದೆ. ಆ ಕತ್ತರಿಸಿದ ಅಂಚನ್ನು ಎಳೆದರೆ ಹಳ್ಳದಿಂದಲೇ ಹರಿಯುತ್ತದೆ. ನಮ್ಮ ಪರೀಕ್ಷಾ ಯಂತ್ರ ಉಕ್ಕನ್ನು ಬರೀ ಎಳೆಯುತ್ತದೆ, ಅದಕ್ಕೇ ಅಲ್ಲಿ ಎಲ್ಲ ಸರಿ ಕಂಡಿತು. ಇಲ್ಲಿ ಮೊದಲು ಕತ್ತರಿಸಿ ಆಮೇಲೆ ಎಳೆಯುತ್ತೇವೆ.

ಕಶ್ಕೂಲಿ ತುಂಡನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಹಾಗಾದ್ರೆ ಪಿಸ್ತಾನ ಮೆದು ಮಾಡಿ. ನಮ್ಮಜ್ಜಿ ನೆನೆಸಿ ಹಾಕ್ತಿದ್ಳು, ಹಲ್ಲಿಲ್ದೋರಿಗೆ."

"ಅದೇ ಮಾಡ್ಬೇಕು. ಉಕ್ಕು ಬೇಯಿಸೋ ಲೈನಿನ ಕೊನೇಲಿ ಇನ್ನೊಂಚೂರು ಕಾವು ಕೊಟ್ರೆ ಗಟ್ಟಿ ಕಣ ಹದಕ್ಕೆ ಬರುತ್ತೆ. ಆದ್ರೆ ಬಲದ ಅಂಕಿ ಬೀಳುತ್ತೆ."

"ಎಷ್ಟು?"

"ಏಳುನೂರ ಎಂಬತ್ತಕ್ಕಿಂತ ಕೆಳಗೆ ಹೋದ್ರೆ ಮುಳುಗಿದ್ವಿ."

ಅವರು ತಲೆ ಕೆರೆದುಕೊಂಡರು. ಆಮೇಲೆ ಮೇಸ್ತ್ರಿಯನ್ನು ಕರೆದು, ನಾಳೆಯಿಂದ ಹಾಳೆ ಮುಳ್ಳು ಮೇಲಾಗಿ ಇಡಬೇಕು, ಎಣ್ಣೆ ಕುಂಚದಲ್ಲಿ ಸವರಬೇಕು ಅಂದರು. "ಯಾರ್ದಾದ್ರೂ ಕೈ ಕುಯ್ದ್ರೆ ಖಾನುಮ್ ಬಂದು ಪಟ್ಟಿ ಕಟ್ತಾರೆ." ನಾನು ಒಪ್ಪಿದೆ. ಚಹಾ ಕೊಟ್ಟರು, ಮೊದಲ ಸಲಕ್ಕೇ ತೆಗೆದುಕೊಂಡೆ.

ಇಸ್ಫಂದ್ ೪, ಭಾನುವಾರ

ಹೊಸ ಸುರುಳಿ ಬಂತು. ಏಳುನೂರ ಎಂಬತ್ತೆಂಟು. ಕೂದಲೆಳೆಯಲ್ಲಿ ಪಾರು. ಪುಟ್ಟ ಪ್ರೆಸ್ಸಿನಲ್ಲಿ ಒಂದೂ ಸೀಳಲಿಲ್ಲ.

ಇದನ್ನು ಡಾಕ್ಟರ್ ಸುತೂದೆಯವರಿಗೆ ಹೇಳುವುದೇ ಕಷ್ಟವಾಯಿತು. ಕನ್ನಡಕ ತೆಗೆದು ಒರೆಸಿದರು.

"ಐವತ್ನಾಲ್ಕು ಕಳ್ಕೊಂಡ್ವಿ."

"ಹೌದು ಡಾಕ್ಟರ್."

"ನನ್ನ ಬೀಳ್ಕೊಡುಗೇಲಿ ಆ ಅಂಕಿ ಹೇಳ್ತಾರೆ ಅಂದ್ಕೊಂಡಿದ್ದೆ. ಮುದುಕನ ಆಸೆ, ಬಿಡು."

ಅವರಿಗೆ ನೋವಾಯಿತೆಂದು ನನಗೂ ನೋವಾಯಿತು. ಅಂಕಿ ಹೋದದ್ದಕ್ಕೆ ಆಗಲಿಲ್ಲ, ಯಾಕೋ.

ಇಸ್ಫಂದ್ ೧೨, ಸೋಮವಾರ

ಕಶ್ಕೂಲಿಯವರ ಕಾರ್ಖಾನೆಯಲ್ಲಿ ದಿನವಿಡೀ. ನಮ್ಮ ಕೊರಳು ಚೆನ್ನಾಗಿ ಕೂರುತ್ತಿದೆ. ಕಾಲು ನೋವು. ಮನೆಯಲ್ಲಿ ಜಮಖಾನೆ ಹಾಗೇ ಬಿದ್ದಿದೆ, ಅಮ್ಮ ಮಾತು ಬಿಟ್ಟಿದ್ದಾಳೆ.

ಇಸ್ಫಂದ್ ೨೦, ಮಂಗಳವಾರ

ಸಮ್ಸಾಮಿ ಕಶ್ಕೂಲಿಯವರ ಕಾರ್ಖಾನೆಗೆ ಬಂದರು. ಒಣಕಲು ಮನುಷ್ಯ, ಸಣ್ಣ ಗಡ್ಡ, ಮಾತು ಬಲು ಕಮ್ಮಿ. ನಿರ್ದೇಶಕರು, ಡಾಕ್ಟರ್ ಸುತೂದೆ, ನಾನು, ಕಶ್ಕೂಲಿಯವರು ಸಾಲಾಗಿ ನಿಂತೆವು.

ಐವತ್ತು ಕಂಬ ಒತ್ತಿದರು. ಪ್ರತಿ ಕೊರಳಿಗೂ ಕೆಂಪು ಬಣ್ಣ ಹಚ್ಚಿ ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಬೇಕು. ಕಣ್ಣಿಗೆ ಕಾಣದ ಬಿರುಕಿದ್ದರೂ ಅದರೊಳಗೆ ಇಳಿದ ಕೆಂಪು ಮೆಲ್ಲಗೆ ಬಿಳಿಯ ಮೇಲೆ ಒಸರುತ್ತದೆ. ಬಿಳಿ ಬಿಳಿಯಾಗಿಯೇ ಉಳಿಯಿತು. ಸಮ್ಸಾಮಿ ಸಾಲಿನುದ್ದಕ್ಕೂ ಬಗ್ಗಿ ನೋಡುತ್ತಾ ಹೋದರು, ಕೊನೆಗೆ ತಲೆಯಾಡಿಸಿ ಪೆನ್ನಿಗೆ ಕೈ ಹಾಕಿದರು. ನಿರ್ದೇಶಕರು ಆಗಲೇ ಸಿಹಿ ತರಿಸಲು ಕಣ್ಸನ್ನೆ ಮಾಡಿದ್ದರು.

ಕೊನೆಯ ಕಂಬದ ಒಳಮೈಯಲ್ಲಿ, ಅವರು ಬಗ್ಗಿದ ಕೋನದಿಂದ ಕಾಣದ ಕಡೆ, ಉಗುರಿನಷ್ಟು ಕೆಂಪು ಗೆರೆ ನನಗೆ ಕಂಡಿತು.

ಸುಮ್ಮನಿರಬಹುದಿತ್ತು. ಬಾಯಿ ಆಗಲೇ ತೆರೆದಿತ್ತು.

"ಇಲ್ಲೊಂದಿದೆ" ಅಂದೆ.

ಡಾಕ್ಟರ್ ಸುತೂದೆ ಕಣ್ಣು ಮುಚ್ಚಿಕೊಂಡರು. ನಿರ್ದೇಶಕರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಸಮ್ಸಾಮಿ ಬಗ್ಗಿ, ಬೆರಳಿಟ್ಟು, ಎದ್ದು ನಿಂತರು. "ಉಕ್ಕಿಂದೋ, ಪ್ರೆಸ್ಸಿಂದೋ?"

ನಾನು ಉತ್ತರಿಸುವ ಮೊದಲೇ ಕಶ್ಕೂಲಿಯವರು ಮುಂದೆ ಬಂದರು. "ನಮ್ದೇ ತಪ್ಪು ಸಾಹೇಬ್ರೇ. ಕೆಲಸದವನು ಹಳೇ ಅಭ್ಯಾಸದಲ್ಲಿ ಹಾಳೆ ತಿರುಗಿಸಿಟ್ಟ. ಮುಳ್ಳು ಕೆಳಗಾಯ್ತು. ನಾನೇ ಕಣ್ಣಾರೆ ನೋಡ್ದೆ, ನಿಲ್ಲಿಸೋಕೆ ಆಗ್ಲಿಲ್ಲ. ನನ್ನ ತಲೆ ಮೇಲೆ ಹಾಕ್ಕೊಳ್ಳಿ."

ಸಮ್ಸಾಮಿ ಇನ್ನೊಮ್ಮೆ ಅಂಚು ಸವರಿ ನೋಡಿದರು. ಒತ್ತಿದ ಮೇಲೆ ಮುಳ್ಳು ಚಪ್ಪಟೆಯಾಗುತ್ತದೆ, ಬೆರಳಿಗೆ ತಿಳಿಯುವುದಿಲ್ಲ. ಉಕ್ಕು ಪಾಸ್, ಪ್ರೆಸ್ಸಿಗೆ ಎಚ್ಚರಿಕೆ ಎಂದು ಬರೆದು ಸಹಿ ಹಾಕಿದರು.

ಸಿಹಿ ಬಂತು. ಎಲ್ಲರೂ ನನ್ನ ಬಾಯಿಗೆ ತುರುಕಿದರು. ಡಾಕ್ಟರ್ ಅತ್ತರು. ಗೆದ್ದಿದ್ದೇವೆ. ಆದರೆ ನಿದ್ದೆ ಹತ್ತುವ ಲಕ್ಷಣವಿಲ್ಲ.

ಇಸ್ಫಂದ್ ೨೧, ಬುಧವಾರ

ಆ ಕೊನೆಯ ಕಂಬವನ್ನು ತರಿಸಿ ಕತ್ತರಿಸಿದೆ. ಮುಳ್ಳು ಚಪ್ಪಟೆಯಾದರೂ ಕತ್ತರಿಸಿದ ಅಂಚಿನ ಆಕಾರ ಸುಳ್ಳು ಹೇಳುವುದಿಲ್ಲ. ನುಣ್ಣಗೆ ಬಾಗಿದ ಬದಿ ಕೆಳಗೇ ಇತ್ತು. ಹಾಳೆ ಸರಿಯಾಗಿಯೇ ಇಟ್ಟಿದ್ದರು.

ಬಿಳಿ ಕಣಗಳು ನೋಡಲು ಹಳೆಯ ಸುರುಳಿಯವುಗಳಂತೆಯೇ ಇದ್ದವು, ಹದಕ್ಕೆ ಬಂದಿರಲಿಲ್ಲ. ಲೈನಿನ ದಾಖಲೆ ತೆಗೆಸಿ ನೋಡಿದರೆ, ಸುರುಳಿಯ ಬಾಲ ಕುಲುಮೆಯಿಂದ ಹೊರಬರುವಾಗ ಕಾವು ಇಳಿದಿದೆ. ಕೊನೆಯ ಒಂದಷ್ಟು ಮೀಟರು ಅರೆಬೆಂದ ಉಕ್ಕು. ಐವತ್ತನೆಯ ಕಂಬ ಆ ಬಾಲದ್ದು.

ಕಶ್ಕೂಲಿಯವರಿಗೆ ಫೋನ್ ಮಾಡಿದೆ.

"ಸುಳ್ಳು ಯಾಕ್ ಹೇಳಿದ್ರಿ?"

"ಯಾವ ಸುಳ್ಳು? ಹಬ್ಬದ ಶುಭಾಶಯ ಹೇಳೋಕೆ ಮಾಡಿದ್ರಿ ಅಂದ್ಕೊಂಡೆ."

"ಹಾಳೆ ಸರಿಯಾಗೇ ಇತ್ತು. ನಾನು ಕತ್ತರಿಸಿ ನೋಡ್ದೆ."

"ಐವತ್ತರಲ್ಲಿ ಒಂದು, ಖಾನುಮ್. ನಮ್ಮನೇಗೆ ಬಂದ ಅತಿಥಿ ನೀವು. ಎಲ್ರ ಎದುರು ನಿಮ್ಮ ಮುಖ ಬೀಳೋಕೆ ಬಿಡ್ಲಾ?"

"ಬಾಗಿಲಲ್ಲಿ ನೀವು ಮೊದ್ಲು, ನೀವು ಮೊದ್ಲು ಅಂತ ತಾರುಫ್ ಮಾಡ್ತೀವಲ್ಲ, ಅದನ್ನ ತಂದು ಕಂಬದಲ್ಲಿ ಮಾಡಿದ್ದೀರಿ! ನಾಳೆ ಆ ಬಾಲದ ಉಕ್ಕು ಯಾರ್ದೋ ಕಾರಿಗೆ ಹೋಗುತ್ತೆ. ಗುದ್ದೋ ಲಾರಿ ಉಪಚಾರ ನೋಡುತ್ತಾ?"

"ನೀವು ಕಂಬಿ ವಿಭಾಗಕ್ಕೆ ಹೋಗ್ತೀರಿ, ಗೊತ್ತಾ?"

"ಗೊತ್ತು. ನಿಮ್ಮ ತಪ್ಪಲ್ಲದ್ದನ್ನ ನಿಮ್ಮ ಹೆಸರಿಗೆ ಹಾಕ್ಕೊಳ್ಳೋಕೆ ನಾನು ಬಿಡಲ್ಲ."

ಫೋನ್ ಇಟ್ಟೆ. ನಿರ್ದೇಶಕರಿಗೆ ಹೇಳಿದೆ. "ಪ್ರೆಸ್ಸಿನವನೇ ಒಪ್ಪಿಕೊಂಡಿದ್ದಾನೆ, ನಿಮಗೇನು ಕಷ್ಟ?" ಎಂದು ಬಾಗಿಲು ತೋರಿಸಿದರು.

ಇಸ್ಫಂದ್ ೨೨, ಗುರುವಾರ

ಸಮ್ಸಾಮಿ ಇವತ್ತು ತೆಹರಾನಿಗೆ ಹೊರಡುವವರಿದ್ದರು. ಬೆಳಿಗ್ಗೆಯೇ ಅತಿಥಿಗೃಹಕ್ಕೆ ಹೋದೆ. ಮೆಟ್ಟಿಲ ಹತ್ತಿರ ಕಶ್ಕೂಲಿಯವರು ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ನೀವು ಬರ್ತೀರಿ ಅಂತ ಗೊತ್ತಿತ್ತು" ಅಂದರು.

"ನನ್ನನ್ನ ತಡೆಯೋಕೆ ಬಂದ್ರಾ?"

"ನಿಮ್ಮನ್ನ ತಡೆಯೋ ಪ್ರೆಸ್ ಇನ್ನೂ ತಯಾರಾಗಿಲ್ಲ. ಜೊತೆಗಿರೋಣ ಅಂತ ಬಂದೆ."

ಸಮ್ಸಾಮಿ ಗಜ್ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಚಿತ್ರವನ್ನೂ ಕಾವಿನ ದಾಖಲೆಯನ್ನೂ ಹಾಸಿಗೆಯ ಮೇಲೆ ಹರಡಿ, ಬಿರುಕು ನನ್ನ ಉಕ್ಕಿನದು ಅಂದೆ. ಕಶ್ಕೂಲಿಯವರು ಜೊತೆಗಿರುತ್ತೇನೆ ಅಂದವರು ತಕ್ಷಣ ಬಾಯಿ ಹಾಕಿದರು.

"ಪೂರ್ತಿ ಉಕ್ಕಿಂದೇ ಅನ್ನೋಕಾಗಲ್ಲ ಸಾಹೇಬ್ರೇ. ನಮ್ಮ ಅಚ್ಚಿನ ಮೂಲೆನೂ ಸ್ವಲ್ಪ ಚೂಪು."

"ಚೂಪಿಲ್ಲ! ನಾನೇ ಅಳೆದಿದ್ದೀನಿ."

"ಎಣ್ಣೆ ಕಮ್ಮಿಯಾಗಿತ್ತು."

"ಎಣ್ಣೆ ಸುರಿದು ನನ್ನ ಬೂಟು ಹಾಳಾಗಿದೆ! ಉಕ್ಕು ಅರೆಬೆಂದಿತ್ತು, ಅಷ್ಟೇ. ನನ್ನದನ್ನ ನನಗೆ ಬಿಡಿ!"

ಜೋರಾಯಿತು. ಪಕ್ಕದ ಕೋಣೆಯವರು ಗೋಡೆ ಕುಟ್ಟಿದರು. ಸಮ್ಸಾಮಿ ಡಬ್ಬಿ ಹಿಡಿದು ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದರು.

"ನಾನು ಈ ಕೆಲಸಕ್ಕೆ ಬಂದಾಗಿನಿಂದ ಉಕ್ಕಿನವರೂ ಪ್ರೆಸ್ಸಿನವರೂ ಕಿತ್ತಾಡೋದನ್ನ ನೋಡಿದ್ದೀನಿ. ತಪ್ಪು ನಂದು, ಕೊಡು ಇಲ್ಲಿ ಅಂತ ಕಿತ್ತಾಡೋದು ಇದೇ ಮೊದ್ಲು."

ಆಮೇಲೆ ಚೀಲದಿಂದ ಕಾಗದ ತೆಗೆದು, ತಮ್ಮ ಸಹಿಯ ಮೇಲೆ ಅಡ್ಡಗೆರೆ ಎಳೆದರು. ಪೆನ್ನಿನ ಸದ್ದು ಈಗಲೂ ಕಿವಿಯಲ್ಲಿದೆ. ಮೂರು ವರ್ಷದ ಕೆಲಸ ಒಂದು ಗೆರೆಯಲ್ಲಿ ಹೋಯಿತು.

"ಹಬ್ಬ ಆದ್ಮೇಲೆ ಮತ್ತೆ ಬರ್ತೀನಿ" ಅಂದರು. "ನೂರು ಕಂಬ. ಹಾಳೆ ಯಾವ ಭಾಗದ್ದು ಅಂತ ನಾನೇ ಆರಿಸ್ತೀನಿ. ನಿಮ್ಮ ನಿರ್ದೇಶಕರಿಗೆ ನಾನೇ ಹೇಳ್ತೀನಿ. ಅವರು ಬೇಡ ಅಂದ್ರೆ ಅಲ್ಲಿಗೆ ಮುಗೀತು. ಒಂದು ಸೀಳಿದ್ರೂ ಮುಗೀತು."

"ನಾವು ಸಿದ್ಧ" ಅಂದೆ.

ಕಶ್ಕೂಲಿಯವರೂ ನಾನೂ ಹೊರಗೆ ಬಂದೆವು. ನೀರಿಲ್ಲದ ಹೊಳೆಯ ಸೇತುವೆಯ ಮೇಲೆ ನಡೆದೆವು. ದಾರಿಯಲ್ಲಿ ರೊಟ್ಟಿಯಲ್ಲಿ ಸುತ್ತಿದ ಬೆರ್ಯಾನಿ ಮಾಂಸ ತಿಂದೆವು, ಹಣ ಕೊಡಲು ಇಬ್ಬರೂ ಜಗಳವಾಡಿದೆವು. ಅದರಲ್ಲಿ ಅವರೇ ಗೆದ್ದರು.

ಇಸ್ಫಂದ್ ೨೮, ಬುಧವಾರ

ಡಾಕ್ಟರ್ ಸುತೂದೆಯವರ ಬೀಳ್ಕೊಡುಗೆ. ಯಾವ ಅಂಕಿಯನ್ನೂ ಯಾರೂ ಹೇಳಲಿಲ್ಲ. ಅವರಿಗೆ ಮುಖ ತೋರಿಸಲು ಹೆದರಿ ಮೂಲೆಯಲ್ಲಿ ನಿಂತಿದ್ದೆ. ಅವರೇ ಬಂದರು. "ನಾನಾಗಿದ್ರೆ ಸುಮ್ನಿರ್ತಿದ್ದೆ ಮಗಳೇ" ಅಂದರು. ಅಷ್ಟು ಹೇಳಲು ಅವರಿಗೆಷ್ಟು ಕಷ್ಟವಾಯಿತೆಂದು ಮುಖದಲ್ಲೇ ಕಂಡಿತು. ಅವರ ಕೈ ಕಣ್ಣಿಗೊತ್ತಿಕೊಂಡೆ.

ಮರುಪರೀಕ್ಷೆಗೆ ನಿರ್ದೇಶಕರು ಒಪ್ಪಿದ್ದಾರೆ, ನನ್ನ ಜೊತೆ ಮಾತು ಬಿಟ್ಟು ಒಪ್ಪಿದ್ದಾರೆ. ಹೊಸ ವರ್ಷದಿಂದ ನಾನು ಕಂಬಿ ವಿಭಾಗದಲ್ಲಿ. ಪರೀಕ್ಷೆ ಗೆದ್ದರೆ ವಾಪಸು, ಇಲ್ಲದಿದ್ದರೆ ಅಲ್ಲೇ.

ನಾಳೆಯೇ ಜಮಖಾನೆ ಒಗೆಯುತ್ತೇನೆ. ಅಮ್ಮನಿಗೆ ಮಾತು ಕೊಟ್ಟಿದ್ದೇನೆ.

ಫರ್ವರ್ದಿನ್ ೧೮, ಸೋಮವಾರ

ಲೈನಿನವರು ಎಷ್ಟು ಹೆಣಗಿದರೂ ಬಾಲದ ಕಾವು ನಿಲ್ಲಲಿಲ್ಲ. ಅದನ್ನು ಮುಚ್ಚಿಡಲಿಲ್ಲ. ಸಮ್ಸಾಮಿ ಬಂದ ಕೂಡಲೇ, ಸುರುಳಿಯ ಕೊನೆಯ ನಲವತ್ತು ಮೀಟರು ನಮಗೆ ಸರಿಮಾಡಲು ಆಗಿಲ್ಲ, ಅದನ್ನು ಕತ್ತರಿಸಿ ಎಸೆಯುತ್ತೇವೆ, ಉಳಿದದ್ದರಲ್ಲಿ ಎಲ್ಲಿ ಬೇಕಾದರೂ ಆರಿಸಿ ಅಂದೆ. ಅವರು ಕತ್ತರಿಸಿದ ಗೆರೆಯ ಪಕ್ಕದಿಂದಲೇ ಬಹಳಷ್ಟು ಹಾಳೆ ಆರಿಸಿದರು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ನೂರು ಕಂಬ, ಕೆಂಪು ಬಣ್ಣ, ಬಿಳಿ ಪುಡಿ. ಕಶ್ಕೂಲಿಯವರು ಪ್ರತಿ ಹಾಳೆಯನ್ನೂ ತಾವೇ ಇಟ್ಟರು, ಯಾರನ್ನೂ ಮುಟ್ಟಗೊಡಲಿಲ್ಲ. ಅವರ ಅಂಗೈಯಲ್ಲಿ ಎರಡು ಕಡೆ ರಕ್ತ. ಈ ಸಲ ಸಮ್ಸಾಮಿ ಮಂಡಿಯೂರಿ, ಕನ್ನಡಿ ಹಿಡಿದು ಒಳಮೈಯನ್ನೂ ನೋಡಿದರು. ಹಿಂದೆಯೇ ನಾನೂ ನೋಡುತ್ತಾ ಬಂದೆ, ಅವರಿಗಿಂತ ನಿಧಾನವಾಗಿ. ಬಿರುಕು ಸಿಗಲೇಬೇಕು ಎನ್ನುವವಳ ಹಾಗೆ ಹುಡುಕಿದೆ.

ಸಿಗಲಿಲ್ಲ.

ಸಹಿಯಾಯಿತು. ನಾನು ಯಂತ್ರದ ಹಿಂದೆ ಹೋಗಿ ಅತ್ತೆ. ಹೊರಗೆ ಯಾರೋ ನನ್ನನ್ನು ಹುಡುಕಿದ್ದಕ್ಕೆ ಕಶ್ಕೂಲಿಯವರು "ಖಾನುಮ್ ಪಟ್ಟಿ ತರೋಕೆ ಹೋಗಿದ್ದಾರೆ, ನನ್ನ ಕೈಗೆ" ಎಂದು ಗದರಿಸಿ ಕಳಿಸಿದ್ದು ಕೇಳಿಸಿತು. ಪಟ್ಟಿ ನಿಜವಾಗಿಯೂ ತಂದು ಕಟ್ಟಿದೆ.

ಫರ್ವರ್ದಿನ್ ೨೭, ಬುಧವಾರ

ಕಂಬಿ ವಿಭಾಗದಿಂದ ವಾಪಸು ಬಂದಿದ್ದೇನೆ. ಕಾರಿಗೆ ಹೋಗುವ ಮೊದಲ ಸುರುಳಿ ಇವತ್ತು ಲೈನಿನಿಂದ ಇಳಿಯಿತು. ಬಾಲ 'ಸುಮ್ಮನೆ ವ್ಯರ್ಥ' ಎಂದು ನಿರ್ದೇಶಕರು ಗೊಣಗಿದರು, ಅರ್ಧ ಕತ್ತರಿಸಿದರೆ ಸಾಲದೇ ಅಂದರು. ಸಾಲದು ಅಂದೆ. ಕತ್ತರಿಯ ಪಕ್ಕ ನಾನೇ ನಿಂತು, ಅಳೆಸಿ, ನಲವತ್ತು ಮೀಟರೂ ಕತ್ತರಿಸಿ ಹಾಕಿಸಿದೆ.

ನೋಡಲು ಏನು ಚೆಂದದ ಉಕ್ಕು! ಒಂದು ಕಲೆಯಿಲ್ಲ, ಆಕಾಶದ ಬೆಳಕು ಅದರ ಮೇಲೆ ಹೊಳೆಯುತ್ತಿತ್ತು. ಕ್ರೇನು ಅದನ್ನು ಎತ್ತಿ ಗುಜರಿಯ ಕಡೆ ತಿರುಗಿಸಿತು.

"ನಿಲ್ಸಿ" ಎಂದು ಕೂಗಿದರು ಗುಜರಿಯ ಗುಮಾಸ್ತರು. "ತಿರಸ್ಕರಿಸಿದ್ದು ಯಾರು ಅಂತ ಬಣ್ಣದಲ್ಲಿ ಬರೀಬೇಕು ಖಾನುಮ್, ಇಲ್ಲಾಂದ್ರೆ ಯಾರೋ ಕದ್ದು ವಾಪಸ್ ತಗೊಂಡ್ಹೋಗ್ತಾರೆ."

ಕುಂಚ ಕೊಟ್ಟರು. ಹತ್ತೊಂಬತ್ತು ವರ್ಷದಿಂದ ಇಲ್ಲಿದ್ದೇನೆ, ಉಕ್ಕಿನ ಮೇಲೆ ನನ್ನ ಹೆಸರು ಬರೆದದ್ದು ಇದೇ ಮೊದಲು. ದೂರದಿಂದಲೂ ಓದಲಿ ಎಂದು ದೊಡ್ಡದಾಗಿ, ಕೆಂಪಿನಲ್ಲಿ ಬರೆದೆ: ಮನೀಜೆ ರೂಹಾನಿಪೂರ್. ಅಕ್ಷರ ಒಣಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಎತ್ತಿಕೊಂಡು ಹೋಗಿ ಅಂದೆ.